ಕಾಫಿ ಬೆಳೆಯದ ಕಾಫಿ ಪಟ್ಟಣ

ಜಗತ್ತಿನ ಕಾಫಿಗೆಲ್ಲ ಒಂದು ಕಾಲದಲ್ಲಿ ತನ್ನ ಹೆಸರು ಕೊಟ್ಟಿದ್ದ ಮೋಖಾ ಪಟ್ಟಣದಲ್ಲಿ ಕಾಫಿ ಗಿಡ ಬದುಕುವಂತಿರಲಿಲ್ಲ. ಯೆಮನ್ ದೇಶದ ಪಶ್ಚಿಮದಲ್ಲಿ, ಕೆಂಪು ಸಮುದ್ರಕ್ಕೂ ಬೆಟ್ಟಸಾಲಿಗೂ ನಡುವೆ ಹಬ್ಬಿದ ತಿಹಾಮಾ ಎಂಬ ಮರಳುಬಯಲಿನ ದಕ್ಷಿಣ ತುದಿಯಲ್ಲಿದೆ ಆ ಊರು. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಮಳೆ, ಉಪ್ಪು ಹೊತ್ತ ಬಿಸಿಗಾಳಿ, ಅಲ್ಲೊಂದು ಇಲ್ಲೊಂದು ಖರ್ಜೂರದ ತೋಪು, ಮಿಕ್ಕಂತೆ ಮುಳ್ಳುಕಂಟಿ. ಇಲ್ಲಿಂದ ಅರಬ್ಬಿ ಸಮುದ್ರ ದಾಟಿ ಪೂರ್ವಕ್ಕೆ ಬಂದರೆ, ವರ್ಷಕ್ಕೆ 200 ಸೆಂಟಿಮೀಟರಿಗೂ ಹೆಚ್ಚು ಮಳೆ ಹೊಯ್ಯುವ ಮೂಡಿಗೆರೆ, ಕಳಸದ ಕಾಡುಗಳೂ ಅವುಗಳ ಉತ್ತರಕ್ಕೆ ಬಾಬಾಬುಡನ್‌ಗಿರಿಯೆಂದೂ ಕರೆಯುವ ಚಂದ್ರದ್ರೋಣ ಪರ್ವತವೂ ಸಿಗುತ್ತವೆ. ಇಷ್ಟು ಬೇರೆಬೇರೆಯಾದ ಎರಡು ನೆಲಗಳನ್ನು ಒಂದೇ ಬೀಜ ಕಟ್ಟಿಹಾಕಿದ ಕಥೆಯನ್ನು ನಾವು ಬಹಳ ಸಲೀಸಾಗಿ ಹೇಳಿಬಿಡುತ್ತೇವೆ: ಸೂಫಿ ಸಂತ ಬಾಬಾಬುಡನ್ ಮೆಕ್ಕಾಕ್ಕೆ ಹೋದರು, ಏಳು ಬೀಜ ಬಚ್ಚಿಟ್ಟು ತಂದರು, ಕಾಫಿ ಬಂತು. ಈ ಕಥೆಯ ಮೇಲಿನ ಗೌರವ ಕಳೆಯದೆಯೇ ಒಂದು ಮಾತು ಹೇಳಬೇಕಿದೆ. ಬೀಜ ಬಂದದ್ದು ಪವಾಡದಿಂದಲ್ಲ, ಕಳ್ಳತನದಿಂದಲೂ ಅಲ್ಲ. ನಮ್ಮ ಕರಾವಳಿಗೂ ಆ ಮರುಭೂಮಿಯ ಪಟ್ಟಣಗಳಿಗೂ ಮೊದಲೇ ಇದ್ದ ಕೊಡುಕೊಳ್ಳುವ ದಾರಿಯಲ್ಲಿ ಅದು ಬಂತು. ಬಂದ ಬೀಜ ಬಾಳಿದ್ದು ಕಾಡಿನ ನೆರಳಿನಿಂದ ಮತ್ತು ಆ ನೆರಳನ್ನು ಉಳಿಸಿಕೊಂಡ ಜನರಿಂದ.

ಮೋಖಾ ಹುಟ್ಟಿದ ಬಗೆಯನ್ನು ನೋಡಿದರೆ ಈ ದಾರಿ ಸ್ಪಷ್ಟವಾಗುತ್ತದೆ. ಆ ಊರಿನವರು ತಮ್ಮ ಪೋಷಕ ಸಂತನೆಂದು ನಂಬುವುದು ಅಲಿ ಇಬ್ನ್ ಉಮರ್ ಅಲ್ ಶಾಧಿಲಿಯನ್ನು. ಸುಮಾರು 1400ರ ಆಸುಪಾಸಿನಲ್ಲಿ ಬಾಳಿದ ಆ ಸೂಫಿಯ ಹೆಸರಿನ ಮಸೀದಿ ಇಂದಿಗೂ ಮೋಖಾದಲ್ಲಿದೆ. ರಾತ್ರಿಯ ದೇವಸ್ಮರಣೆಯಲ್ಲಿ ನಿದ್ದೆ ಬಾರದಿರಲೆಂದು ಯೆಮನ್ನಿನ ಸೂಫಿಗಳು ಕಾಫಿ ಕುಡಿಯತೊಡಗಿದ್ದು 15ನೇ ಶತಮಾನದಲ್ಲಿ. 1511ರ ಹೊತ್ತಿಗೆ ಈ ಪಾನೀಯ ಮೆಕ್ಕಾದ ಬೀದಿಗಳಲ್ಲಿ ಎಷ್ಟು ಹಬ್ಬಿತ್ತೆಂದರೆ, ಅಲ್ಲಿನ ಅಧಿಕಾರಿ ಖೈರ್ ಬೇಗ್ ಅದನ್ನು ನಿಷೇಧಿಸಲು ಹೊರಟ. ನಿಷೇಧ ಹೆಚ್ಚು ದಿನ ನಿಲ್ಲಲಿಲ್ಲ. 1538ರಲ್ಲಿ ಯೆಮನ್ನಿನ ಕರಾವಳಿಗೆ ಕಾಲಿಟ್ಟ ಆಟೊಮನ್ನರು, ಅವರನ್ನು 1630ರ ದಶಕದಲ್ಲಿ ಹೊರಹಾಕಿದ ಖಾಸಿಮಿ ಇಮಾಮರು, ಇಬ್ಬರಿಗೂ ಮೋಖಾದ ಸುಂಕದ ಕಟ್ಟೆ ಬೇಕಾದದ್ದೇ ಆಗಿತ್ತು. ಸುಣ್ಣ ಬಳಿದ ವ್ಯಾಪಾರಿಗಳ ಮನೆಗಳು ಸಮುದ್ರದಿಂದಲೇ ಬೆಳ್ಳಗೆ ಕಾಣುತ್ತಿದ್ದವು. ಕೋಟೆಗೋಡೆಯ ಹೊರಗೆ ಯಹೂದಿಗಳ ಮತ್ತು ಸೊಮಾಲಿಗಳ ಕೇರಿಗಳು, ಒಳಗೆ ಗುಜರಾತಿನ ಬನಿಯಾಗಳ ಮನೆಗಳು. ದೊಡ್ಡ ವ್ಯಾಪಾರವೆಲ್ಲ ಈ ಬನಿಯಾ ದಲ್ಲಾಳಿಗಳ ಕೈಮೇಲೆ ನಡೆಯುತ್ತಿತ್ತು. ಬಾವಿಗಳ ನೀರು ಉಪ್ಪುಪ್ಪು. ಉಳ್ಳವರು ಒಳನಾಡಿನ ಮೌಝದಿಂದ ಕುಡಿಯುವ ನೀರು ತರಿಸಿಕೊಳ್ಳುತ್ತಿದ್ದರು. ನೀರಿಗೇ ಬೇರೆ ಊರನ್ನು ನೆಚ್ಚಬೇಕಾದ ಇಂಥ ನೆಲದಲ್ಲಿ ಊಟದ ಬಹುಪಾಲೂ ಹೊರಗಿನಿಂದಲೇ ಬರಬೇಕಿತ್ತು.

ಜೋಳ ಮತ್ತು ಸಜ್ಜೆಯ ರೊಟ್ಟಿ, ಸಮುದ್ರದ ಮೀನು, ಖರ್ಜೂರ, ತುಪ್ಪ, ಬೆಟ್ಟದಿಂದ ಇಳಿದ ಜೇನು: ತಿಹಾಮಾದ ಸಾಮಾನ್ಯ ಊಟ ಇಷ್ಟು. ಇನ್ನು ಕುಡಿಯುವುದರ ಮಾತು ಮಲೆನಾಡಿನ ಓದುಗರಿಗೆ ಅಚ್ಚರಿ ತರಬಹುದು. ಕಾಫಿ ಬೀಜ ಹಡಗಿಗೆ ಹೋಗುತ್ತಿತ್ತು, ಮನೆಯಲ್ಲಿ ಹೆಚ್ಚಾಗಿ ಕುದಿಯುತ್ತಿದ್ದುದು ಬೀಜ ಸುಲಿದ ಮೇಲೆ ಉಳಿದ ಒಣ ಸಿಪ್ಪೆ. ಶುಂಠಿ ಹಾಕಿ ಕುದಿಸಿದ ಆ ತೆಳು ಪಾನೀಯವನ್ನು ಅಲ್ಲಿ ಖಿಶ್ರ್ ಎನ್ನುತ್ತಾರೆ. ಯುರೋಪಿನ ಪ್ರವಾಸಿಗಳು, 1763ರಲ್ಲಿ ಡೆನ್ಮಾರ್ಕಿನ ರಾಜನ ತಂಡದ ಜೊತೆ ಬಂದ ಕಾರ್ಸ್ಟನ್ ನೀಬುರ್ ಸೇರಿ, ಇದನ್ನು ಗಮನಿಸಿ ಬರೆದಿದ್ದಾರೆ. ಬೆಳೆದವನು ಸಿಪ್ಪೆ ಕುಡಿದು ಬೀಜ ಮಾರುವುದು ತೋಟದ ಬೆಳೆಯ ಹಳೆಯ ನಿಯಮ. ನಮ್ಮ ಬೆಟ್ಟಗಳಲ್ಲೂ ಒಳ್ಳೆಯ ಪಾರ್ಚ್‌ಮೆಂಟ್ ಲಾರಿ ಹತ್ತುವುದು, ಉದುರಿದ್ದು ಒಡೆದದ್ದು ಮನೆಯ ಒಲೆಯ ಬೆಲ್ಲದ ಕಾಫಿಗೆ ಸಲ್ಲುವುದು ಬಹುಕಾಲ ನಡೆದ ವಾಡಿಕೆ.

ಆ ಬೀಜ ಬೆಳೆಯುತ್ತಿದ್ದುದು ಬಯಲಿನ ಪೂರ್ವಕ್ಕೆ ಗೋಡೆಯಂತೆ ಏಳುವ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ 1000 ಮೀಟರಿನಿಂದ 2000 ಮೀಟರಿಗೂ ಮೇಲಿನವರೆಗೆ, ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಗದ್ದೆಗಳಲ್ಲಿ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್. ಎತ್ತರದ ಮಟ್ಟಿಗೆ ಎರಡೂ ನೆಲಗಳು ನೆಂಟರೇ. ಬೆಟ್ಟದ ರೈತರು ಒಣಗಿಸಿದ ಕಾಫಿಯನ್ನು ಕತ್ತೆ, ಒಂಟೆಗಳ ಮೇಲೆ ಹೇರಿ ಬೈತ್ ಅಲ್ ಫಕೀಹ್ ಎಂಬ ಬಯಲುಸೀಮೆಯ ಪೇಟೆಗೆ ತರುತ್ತಿದ್ದರು. 17ನೇ ಶತಮಾನದ ಕೊನೆಗೆ ಜಗತ್ತಿನ ಕಾಫಿ ಬೆಲೆ ನಿಗದಿಯಾಗುತ್ತಿದ್ದುದು ಆ ಪೇಟೆಯಲ್ಲಿ. ಈಜಿಪ್ಟ್, ತುರ್ಕಿಗಳಿಗೆ ಹೋಗುವ ಮಾಲು ಉತ್ತರದ ಹುದೈದಾ, ಲುಹೈಯಾ ಬಂದರುಗಳಿಂದ ಜೆಡ್ಡಾದ ಕಡೆಗೆ ಹೊರಡುತ್ತಿತ್ತು. ಹಿಂದೂ ಮಹಾಸಾಗರದ ವ್ಯಾಪಾರಿಗಳ ಮತ್ತು ಯುರೋಪಿನ ಕಂಪನಿಗಳ ಮಾಲು ಮೋಖಾದಿಂದ. 1618ರಲ್ಲಿ ಇಂಗ್ಲಿಷರ ಕೋಠಿ ಅಲ್ಲಿ ತೆರೆಯಿತು. ಡಚ್ಚರು, ಮುಂದೆ ಫ್ರೆಂಚರು ಬಂದರು. ಯುರೋಪಿನವರು ಬಂದು ಕೊಂಡದ್ದು ಈ ಬಂದರಿನಲ್ಲಾದ್ದರಿಂದ ಅವರ ನಾಲಿಗೆಯಲ್ಲಿ ಇಡೀ ಯೆಮನ್ನಿನ ಕಾಫಿಗೆ ಈ ಊರಿನ ಹೆಸರೇ ನಿಂತಿತು. ನ್ಯಾನ್ಸಿ ಉಮ್ ಅವರಂಥ ಇತ್ತೀಚಿನ ಇತಿಹಾಸಕಾರರು ಒತ್ತಿ ಹೇಳುವ ಮಾತೊಂದಿದೆ: ಮೋಖಾವನ್ನು ಬರೀ ಕಾಫಿಯ ಊರೆಂದು ನೋಡಿದರೆ ಅದರ ಅರ್ಧ ಬದುಕು ತಪ್ಪಿಹೋಗುತ್ತದೆ; ಅದು ಮೊದಲಿಗೆ ಭಾರತದ ಸರಕುಗಳ ಪಟ್ಟಣ. ಸೂರತ್ತಿನ ಬಟ್ಟೆ, ಮಲಬಾರಿನ ಮೆಣಸು ಅಲ್ಲಿ ಇಳಿದವು, ಪ್ರತಿಯಾಗಿ ಬೆಳ್ಳಿಯೂ ಕಾಫಿಯೂ ಹತ್ತಿದವು.

ಕನ್ನಡ ನಾಡು ಈ ಚಿತ್ರದೊಳಗೆ ಬರುವುದು ಅಕ್ಕಿಯ ಮೂಲಕ. ಬಸರೂರು, ಮಂಗಳೂರು, ಹೊನ್ನಾವರದ ಬಂದರುಗಳಿಂದ ಕೆನರಾದ ಅಕ್ಕಿ ಮಸ್ಕತ್ತಿಗೂ ಕೆಂಪು ಸಮುದ್ರದ ಕಡೆಗೂ ಹೋಗುತ್ತಿದ್ದುದನ್ನು ಪೋರ್ಚುಗೀಸರ ಕಡತಗಳು ಮತ್ತೆ ಮತ್ತೆ ಹೇಳುತ್ತವೆ. 17ನೇ ಶತಮಾನದಲ್ಲಿ ಈ ಕರಾವಳಿಯೂ ಘಟ್ಟದ ಮೇಲಿನ ಮಲೆನಾಡಿನ ಬಹುಭಾಗವೂ ಕೆಳದಿಯ ನಾಯಕರ ಕೈಯಲ್ಲಿದ್ದವು. 1645ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪನಾಯಕ ಪೋರ್ಚುಗೀಸರನ್ನು ಕರಾವಳಿಯ ಕೋಟೆಗಳಿಂದ ಓಡಿಸಿದ್ದರ ಹಿಂದೆ ಈ ಅಕ್ಕಿ, ಮೆಣಸಿನ ಹಣವೇ ಇತ್ತು. 1665ರಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ಬಸರೂರನ್ನು ದೋಚಿದ್ದೂ ಆ ಊರಿನ ಸಂಪತ್ತಿಗೆ ಸಾಕ್ಷಿ. ಘಟ್ಟದ ಮೇಲಿನ ಮೆಣಸು, ಅಡಿಕೆ ಹೇರೆತ್ತುಗಳ ಮೇಲೆ ಇಳಿಯುತ್ತಿದ್ದವು, ಉಪ್ಪೂ ಒಣಮೀನೂ ಹತ್ತುತ್ತಿದ್ದವು. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು, ಮಲಬಾರಿನ ಮಾಪಿಳ್ಳೆಗಳು ಅರಬ್ಬರ ಜೊತೆ ವ್ಯಾಪಾರದಲ್ಲೂ ನೆಂಟಸ್ತಿಕೆಯಲ್ಲೂ ಬೆರೆತವರು. ಹಜ್‌ಗೆ ಹೋಗುವವರು ಏರುತ್ತಿದ್ದುದು ಇದೇ ಸರಕಿನ ಹಡಗುಗಳನ್ನು. ಹೀಗಿರುವಾಗ ಅರೇಬಿಯಾದ ಒಂದು ಬೀಜ ಚಂದ್ರದ್ರೋಣಕ್ಕೆ ಬಂದದ್ದರಲ್ಲಿ ಅಸಹಜವಾದದ್ದೇನೂ ಇಲ್ಲ. ಬಾರದೇ ಹೋಗಿದ್ದರೆ ಅದಕ್ಕೆ ಕಾರಣ ಹುಡುಕಬೇಕಾಗುತ್ತಿತ್ತು.

ಬಾಬಾಬುಡನ್ನರ ಕಥೆಗೆ ಅವರ ಕಾಲದ್ದೇ ಆದ ಬರಹದ ಆಧಾರವಿಲ್ಲ. ಕೆಲವರು 1600ರ ಆಸುಪಾಸು ಎನ್ನುತ್ತಾರೆ, ಹಲವರು 1670 ಎನ್ನುತ್ತಾರೆ. ಬಿ. ಎಲ್. ರೈಸ್ ಮೈಸೂರಿನ ಗೆಜೆಟಿಯರಿನಲ್ಲಿ ಇದನ್ನು ಬರೆದಿಟ್ಟದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ, ಅದೂ ಜನರ ನಂಬಿಕೆಯಾಗಿ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಗಿರಿಯ ಸಂತನಿಗೆ ಬೆಟ್ಟದ ಮುಖ್ಯ ಬೆಳೆಯನ್ನು ಒಪ್ಪಿಸುವುದು ಜನಮನಸ್ಸಿಗೆ ಸಹಜ. ಮೋಖಾದವರು ಶಾಧಿಲಿಗೆ ಒಪ್ಪಿಸಿದ್ದೂ ಹೀಗೆಯೇ. ಹಾಗೆಂದು ಕಥೆಯನ್ನು ತಳ್ಳಿಹಾಕುವುದು ಸರಿಯಲ್ಲ. ರೈಸನ ಕಾಲದಲ್ಲೂ ಅತಿ ಹಳೆಯ ಗಿಡಗಳಿದ್ದುದು ಈ ಬೆಟ್ಟದ ಸುತ್ತಲೇ ಎಂಬುದು ಕಥೆಯ ಪರವಾಗಿ ನಿಲ್ಲುವ ಗಟ್ಟಿ ಸಂಗತಿ. ಯೆಮನ್ನಿನ ಸೂಫಿಗಳ ನಡುವೆ ಹುಟ್ಟಿದ ಪಾನೀಯವನ್ನು ಇಲ್ಲಿಗೆ ಒಬ್ಬ ಸೂಫಿ ತಂದಿರಬಹುದೆಂಬುದೂ ತರ್ಕಕ್ಕೆ ಒಗ್ಗುವ ಮಾತು.

ನಾನು ಒಪ್ಪದಿರುವುದು ಕದ್ದು ತಂದರೆಂಬ ಭಾಗವನ್ನು. ಅರಬ್ಬರು ಬೀಜವನ್ನು ಕುದಿಸಿಯೋ ಹುರಿದೋ ಮೊಳೆಯದಂತೆ ಮಾಡಿ ಮಾರುತ್ತಿದ್ದರು, ಹಸಿ ಬೀಜ ಹೊರಗೊಯ್ಯುವುದು ಅಪರಾಧವಾಗಿತ್ತು ಎಂಬುದು ಯುರೋಪಿನ ಪುಸ್ತಕಗಳಿಂದ ನಮ್ಮ ಪಠ್ಯಗಳವರೆಗೆ ಬಂದ ಮಾತು. ಇಲ್ಲಿ ಬೀಜದ ಸ್ವಭಾವವನ್ನೇ ಕೇಳಬೇಕು. ನರ್ಸರಿ ಮಾಡುವ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು, ಅರೇಬಿಕಾ ಬೀಜ ಸಾಮಾನ್ಯವಾಗಿ ನಾಲ್ಕಾರು ತಿಂಗಳಿಗೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಯೆಮನ್ನಿನಲ್ಲಿ ಹೆಚ್ಚಿನ ಕೊಯ್ಲು ಚಳಿಗಾಲದಲ್ಲಿ. ಭಾರತದ ಹಡಗುಗಳು ಮೋಖಾ ಬಿಟ್ಟು ಹೊರಡುತ್ತಿದ್ದುದು ಆಗಸ್ಟ್ ಹೊತ್ತಿಗೆ, ಮುಂಗಾರಿನ ಬಿರುಸು ಇಳಿದ ಮೇಲೆ. ಒಣಗಿ, ಸುಲಿಸಿಕೊಂಡು, ಪೇಟೆ ಸುತ್ತಿ, ಉಗ್ರಾಣದಲ್ಲಿ ಕೂತ ಮೂಟೆಯ ಬೀಜ ಅಷ್ಟು ಹೊತ್ತಿಗೆ ತಾನಾಗಿಯೇ ಸತ್ತಿರುತ್ತಿತ್ತು. ಬೀಜವನ್ನು ಕಾಯುವ ಸಿಪಾಯಿ ಬೇಕಿರಲಿಲ್ಲ, ಕಾಲವೇ ಕಾಯುತ್ತಿತ್ತು. ತೊಗಟೆ ಸಹಿತ, ತೇವ ಆರದಂತೆ, ತಡವಾಗಿ ಹಣ್ಣಾದದ್ದನ್ನೇ ಆರಿಸಿ ತಂದವರಿಗೆ ಮಾತ್ರ ಅದು ದಕ್ಕೀತು. ಹಾಗಾಗಿ ಆ ಬೀಜ ತಂದ ವ್ಯಕ್ತಿ ಯಾರೇ ಆಗಿರಲಿ, ಬೆಳೆಯ ಮರ್ಮ ತಿಳಿದವರಾಗಿರಬೇಕು ಅಥವಾ ತಿಳಿದವರನ್ನು ಕೇಳಿ ಕಲಿತವರಾಗಿರಬೇಕು. ಕಳ್ಳನೆನ್ನುವುದಕ್ಕಿಂತ ಕೃಷಿಕನೆನ್ನುವುದು ಅವರಿಗೆ ಸಲ್ಲಬೇಕಾದ ಗೌರವ.

ಒಂದೇ ಸಲ, ಒಬ್ಬರೇ ತಂದರೆಂಬುದಕ್ಕೂ ಎದುರು ಸಾಕ್ಷ್ಯಗಳಿವೆ. ಕೊಡಗಿನಲ್ಲಿ ರಾಜರ ಕಾಲದಲ್ಲೇ ನಾಲ್ಕುನಾಡಿನ ಹತ್ತಿರ ಮಾಪಿಳ್ಳೆಗಳು ಕಾಫಿ ಬೆಳೆಸಿಕೊಂಡಿದ್ದರೆಂಬ ಪ್ರತೀತಿಯನ್ನು 19ನೇ ಶತಮಾನದ ಬರಹಗಳು ದಾಖಲಿಸಿವೆ. 1696ರಲ್ಲಿ ಡಚ್ಚರು ಕಣ್ಣೂರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಸಾಗಿಸಿದರು. ಅವು ನೆರೆಗೆ ಸಿಕ್ಕಿ ನಾಶವಾದ ಮೇಲೆ 1699ರಲ್ಲಿ ಹೆಂಡ್ರಿಕ್ ಸ್ವಾರ್ಡೆಕ್ರೂನ್ ಮಲಬಾರಿನಿಂದಲೇ ಮತ್ತೆ ಒಯ್ದ. ಆ ಸಸಿಗಳ ಮೂಲ ಚಂದ್ರದ್ರೋಣವೇ, ಯೆಮನ್ನಿನಿಂದ ನೇರ ಕರಾವಳಿಗೆ ಬಂದ ಬೇರೊಂದು ಬೀಜವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇತ್ತೀಚಿನ ವಂಶವಾಹಿ ಅಧ್ಯಯನಗಳು, ಜಗತ್ತಿನಲ್ಲಿ ಹಬ್ಬಿದ ಟಿಪಿಕಾ ಮತ್ತು ಬೂರ್ಬೋನ್ ಎಂಬ ಎರಡು ಮುಖ್ಯ ಅರೇಬಿಕಾ ವಂಶಗಳೂ ಯೆಮನ್ನಿನಿಂದ ಭಾರತಕ್ಕೆ ಬಂದಿದ್ದವು, ಟಿಪಿಕಾ ಬೇರ್ಪಟ್ಟದ್ದು ಡಚ್ಚರು ಮಲಬಾರಿನಿಂದ ಒಯ್ದಾಗ ಎಂಬ ಕಡೆಗೆ ಬೆರಳು ತೋರುತ್ತಿವೆ. ಹಲವು ಬೀಜ, ಹಲವು ಕೈ, ಹಲವು ದಾರಿ ಎಂದುಕೊಳ್ಳುವುದೇ ಸಿಕ್ಕ ಸಾಕ್ಷ್ಯಕ್ಕೆ ಹತ್ತಿರ. ಏಳು ಬೀಜದ ಕಥೆ ಆ ಹಲವರ ಪರವಾಗಿ ನಿಂತಿದೆ.

ಜಾವಾಕ್ಕೆ ಹೋದ ಆ ಸಸಿಗಳು ಮೋಖಾದ ಪಾಲಿಗೆ ಹಣೆಬರಹವಾದವು. 1706ರಲ್ಲಿ ಜಾವಾದ ಒಂದು ಗಿಡ ಆಮ್‌ಸ್ಟರ್‌ಡಾಮಿನ ಸಸ್ಯೋದ್ಯಾನ ತಲುಪಿತು, 1714ರಲ್ಲಿ ಅದರ ಸಂತಾನ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ ಉಡುಗೊರೆಯಾಯಿತು, 1720ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೆ ದಾಟಿತು. 1721ರಲ್ಲಿ ಆಮ್‌ಸ್ಟರ್‌ಡಾಮಿಗೆ ಬಂದ ಕಾಫಿಯಲ್ಲಿ ಶೇ. 90 ಮೋಖಾದ್ದು, 1726ರಲ್ಲಿ ಶೇ. 90 ಜಾವಾದ್ದು. ಐದೇ ವರ್ಷದಲ್ಲಿ ಒಂದು ಏಕಸ್ವಾಮ್ಯ ಮುರಿದುಬಿತ್ತು. ಜಾವಾದ ರೈತರನ್ನು ಬಲವಂತದಿಂದ ದುಡಿಸಿ, ಕೆರಿಬಿಯನ್ನಿನಲ್ಲಿ ಆಫ್ರಿಕದ ಗುಲಾಮರನ್ನು ಸಾಯಿಸಿ ಬೆಳೆದ ಅಗ್ಗದ ಕಾಫಿಯೆದುರು ಯೆಮನ್ನಿನ ಮೆಟ್ಟಿಲು ಗದ್ದೆಯ ಸಣ್ಣ ರೈತ ನಿಲ್ಲಲಾರದೆ ಹೋದ. ಪಟ್ಟಣ ಕೂಡಲೇ ಬೀಳಲಿಲ್ಲ. 1737ರಲ್ಲಿ ಸಾಲದ ಜಗಳಕ್ಕೆ ಫ್ರೆಂಚರು ಬಂದು ಅದರ ಮೇಲೆ ಗುಂಡು ಹಾರಿಸುವಷ್ಟು ವ್ಯಾಪಾರ ಇನ್ನೂ ಉಳಿದಿತ್ತು. ಕೊನೆಯ ಏಟು ಬಿದ್ದದ್ದು 1839ರಲ್ಲಿ, ಬ್ರಿಟಿಷರು ಏಡನ್ ಹಿಡಿದಾಗ. 1850ರಲ್ಲಿ ಅದು ಸುಂಕವಿಲ್ಲದ ಬಂದರಾದ ಮೇಲೆ ಕಾಫಿಯೂ ವ್ಯಾಪಾರಿಗಳೂ ಅಲ್ಲಿಗೆ ಹೊರಟರು. ಮೋಖಾದ ಬಿಳಿ ಮನೆಗಳು ಒಂದೊಂದಾಗಿ ಮರಳಿಗೆ ಕುಸಿದವು. ಬೆಟ್ಟದ ಎಷ್ಟೋ ಮೆಟ್ಟಿಲು ಗದ್ದೆಗಳಲ್ಲಿ ಇಂದು ಕಾಫಿಯ ಜಾಗದಲ್ಲಿ ಎಲೆ ಅಗಿಯುವ ಖಾತ್ ಗಿಡ ನಿಂತಿದೆ.

ಮೋಖಾ ಇಳಿಯುತ್ತಿದ್ದ ಈ ನೂರಿಪ್ಪತ್ತು ವರ್ಷ ಚಂದ್ರದ್ರೋಣದಲ್ಲಿ ಕಾಫಿ ಹೆಚ್ಚು ಸದ್ದು ಮಾಡಲಿಲ್ಲ. ಮನೆಯ ಹಿತ್ತಿಲಿನಲ್ಲಿ, ಕಾನಿನ ಅಂಚಿನಲ್ಲಿ, ಹಲಸು ಅತ್ತಿಗಳ ಬುಡದಲ್ಲಿ ಅದು ಬೆಳೆದುಕೊಂಡಿತ್ತು. ಬೆಳೆದದ್ದರಲ್ಲಿ ಅರ್ಧವನ್ನು ಸರ್ಕಾರ ವಾರವಾಗಿ ಎತ್ತಿಕೊಳ್ಳುತ್ತಿದ್ದ ಪದ್ಧತಿ ಹೋಗಿ, ಬ್ರಿಟಿಷ್ ಕಮಿಷನರರ ಕಾಲದಲ್ಲಿ ಮಣಕ್ಕಿಷ್ಟೆಂಬ ಹಾಲತ್ ಸುಂಕ ಬಂತು. ಅದನ್ನೂ ಇಳಿಸಿದ ಮೇಲೆ ಬೆಳೆಗಾರನಿಗೆ ಉಸಿರಾಡಲು ಅವಕಾಶವಾಯಿತು. 1830ರ ಹೊತ್ತಿಗೆ ಕ್ಯಾನನ್ ಎಂಬ ಯುರೋಪಿಯನ್ ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ತೋಟ ಮಾಡಿದ. ಅಲ್ಲಿಂದ ಮುಂದಿನ ನಲವತ್ತು ವರ್ಷದಲ್ಲಿ ಮೂಡಿಗೆರೆ, ಮಂಜರಾಬಾದ್, ಕೊಪ್ಪದ ಕಾಡುಗಳು ತೋಟಗಳಾದವು. ದೊರೆಗಳು ಕಾಫಿ ತಂದರೆಂಬ ಮಾತು ಇನ್ನೂ ಕೇಳಿಬರುವುದರಿಂದ ಹೇಳಬೇಕು: ಅವರು ತಂದದ್ದು ಬಂಡವಾಳ, ಲಂಡನ್ನಿನ ಮಾರುಕಟ್ಟೆ ಮತ್ತು ಎಸ್ಟೇಟಿನ ವ್ಯವಸ್ಥೆ. ಅವರು ನೆಟ್ಟ ಮೊದಲ ಗಿಡ ಇಲ್ಲಿನ ಹಿತ್ತಿಲಿನ ‘ಚಿಕ್’ ತಳಿ, ಚಿಕ್ಕಮಗಳೂರಿನ ಹೆಸರನ್ನೇ ಹೊತ್ತದ್ದು. ದುಡಿದವರು ಮುಖ್ಯವಾಗಿ ಘಟ್ಟದ ಕೆಳಗಿನಿಂದ ಬಂದವರು. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು, ತೀರದ ಸಾಲಕ್ಕೆ ಸಿಕ್ಕಿ, ಮಲೇರಿಯಾಕ್ಕೆ ಎದುರಾಗಿ ಲೈನ್ ಮನೆಗಳಲ್ಲಿ ಬದುಕಿದ ಆ ಜನರ ಹೆಸರು ಯಾವ ಗೆಜೆಟಿಯರಿನಲ್ಲೂ ಇಲ್ಲ. ಚಾರ್ಮಾಡಿಯಂಥ ಘಾಟಿಗಳಲ್ಲಿ ಇಳಿದ ಪಾರ್ಚ್‌ಮೆಂಟ್ ಹದವಾಗಿ ಹಡಗು ಹತ್ತಿದ್ದು, ಹಿಂದೆ ಅರೇಬಿಯಾಕ್ಕೆ ಅಕ್ಕಿ ಕಳಿಸಿದ ಅದೇ ಮಂಗಳೂರಿನಲ್ಲಿ.

ನಿಜವಾದ ಪರೀಕ್ಷೆ ಬಂದದ್ದು 1860ರ ದಶಕದಲ್ಲಿ. ಹೆಚ್ಚು ಇಳುವರಿಯ ಆಸೆಗೆ ಅನೇಕ ತೋಟಗಳಲ್ಲಿ ಮರ ಕಡಿದು ಗಿಡಗಳನ್ನು ಬಿಸಿಲಿಗೆ ಒಡ್ಡಲಾಗಿತ್ತು. 1866ರ ಸುಮಾರಿಗೆ ಕಾಂಡಕೊರಕ ಹುಳು ಮೈಸೂರು, ಕೊಡಗಿನ ತೋಟಗಳನ್ನು ಒಂದರಮೇಲೊಂದರಂತೆ ಮುಗಿಸತೊಡಗಿತು. ಮದ್ರಾಸ್ ಸರ್ಕಾರ ಕಳಿಸಿದ ಜಾರ್ಜ್ ಬಿಡೀ 1869ರಲ್ಲಿ ಪ್ರಕಟವಾದ ವರದಿಯಲ್ಲಿ ನೆರಳನ್ನು ಮರಳಿ ತರಬೇಕೆಂದ. ಮಂಜರಾಬಾದಿನಲ್ಲಿ ದಶಕಗಳ ಕಾಲ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ಯಾವ ಮರದ ನೆರಳು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಪುಟಗಟ್ಟಲೆ ಬರೆದ. ಆ ತಿಳಿವಳಿಕೆಯ ಬೇರು ಇಲ್ಲಿನ ರೈತರ ರೂಢಿಯಲ್ಲಿತ್ತು. ಅದೇ 1869ರಲ್ಲಿ ಸಿಲೋನಿನಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಬೆಟ್ಟಕ್ಕೆ ಬೆಟ್ಟವೇ ಬೋಳಿಸಿ ಕಾಫಿ ನೆಟ್ಟಿದ್ದ ಆ ದ್ವೀಪ ಮುಂದಿನ ಎರಡು ದಶಕಗಳಲ್ಲಿ ಕಾಫಿ ಕಿತ್ತು ಟೀ ನೆಟ್ಟಿತು. ಚಂದ್ರದ್ರೋಣ ಕಾಫಿಯನ್ನು ಬಿಡಲಿಲ್ಲ.

ಇದು ನೆರಳಿನದೊಂದೇ ಮಹಿಮೆಯೇ ಎಂದು ಕೇಳುವುದು ನ್ಯಾಯ. ಆ ಹೊತ್ತಿಗೆ ಸೋತುಹೋಗಿದ್ದ ಚಿಕ್ ತಳಿಯ ಜಾಗಕ್ಕೆ ಕೊಡಗಿನ ಬೀಜ ತಂದು ನೆಟ್ಟದ್ದು ತೋಟಗಳನ್ನು ಉಳಿಸಿತು ಎನ್ನುವವರಿದ್ದಾರೆ; ನಾಲ್ಕು ತಿಂಗಳ ಒಣ ಬೇಸಿಗೆ ರೋಗವನ್ನು ತಡೆಯಿತು ಎನ್ನುವವರೂ ಇದ್ದಾರೆ. ಎರಡರಲ್ಲೂ ಸತ್ಯವಿದೆ. 20ನೇ ಶತಮಾನದ ಆರಂಭದಲ್ಲಿ ದೊಡ್ಡೇನಗುಡ್ಡ ತೋಟದಲ್ಲಿ ಆರಿಸಿದ ಕೆಂಟ್ಸ್, 1925ರಲ್ಲಿ ಲೆಸ್ಲಿ ಕೋಲ್ಮನ್ನರ ಮುತುವರ್ಜಿಯಿಂದ ಬಾಳೆಹೊನ್ನೂರಿನ ಬಳಿ ನೆಲೆಗೊಂಡ ಸಂಶೋಧನಾ ಕೇಂದ್ರ, ಅಲ್ಲಿ 1940ರ ದಶಕದಲ್ಲಿ ಹೊರಬಂದ ಎಸ್ 795, ಇವಿಲ್ಲದೆ ಅರೇಬಿಕಾ ಇಲ್ಲಿ ಉಳಿಯುತ್ತಿರಲಿಲ್ಲ. ಆದರೆ ತಳಿ ಬದಲಾಯಿಸುತ್ತ ಹೋಗಲು ಬೇಕಾದ ಬಿಡುವು ಸಿಕ್ಕಿದ್ದು ಹೇಗೆ? ಮರದಡಿಯ ತೋಟ ಒಂದೇ ವರ್ಷಕ್ಕೆ ಸಾಯುವುದಿಲ್ಲ. ಬಿಸಿಲು ತಗ್ಗಿದಲ್ಲಿ ಕಾಂಡಕೊರಕ ತಗ್ಗುತ್ತದೆ, ಎಲೆಗೊಬ್ಬರದಿಂದ ಮಣ್ಣು ಉಳಿಯುತ್ತದೆ, ಬಳ್ಳಿಮೆಣಸು ಕೆಟ್ಟ ವರ್ಷ ಸಾಲ ತೀರಿಸುತ್ತದೆ. ಹಾಲುವಾಣ, ಬಸರಿ, ಗೋಣಿ, ಅತ್ತಿಗಳನ್ನು ಅಳತೆಯರಿತು ಮರಗಸಿ ಮಾಡುತ್ತ ಬಂದ ಕೈಗಳು ವಿಜ್ಞಾನಕ್ಕೆ ಐವತ್ತು ವರ್ಷದ ಅವಧಿ ಗಳಿಸಿಕೊಟ್ಟವು. ಮೋಖಾಕ್ಕೂ ಸಿಲೋನಿಗೂ ಇಲ್ಲದಿದ್ದದ್ದು ನೆರಳೆಂಬ ಈ ಎರಡನೆಯ ಆಸರೆ: ಒಂದಕ್ಕೆ ಸುಂಕದ ಕಟ್ಟೆ ಮಾತ್ರ ಇತ್ತು, ಇನ್ನೊಂದಕ್ಕೆ ಬೋಳುಗುಡ್ಡ ಮಾತ್ರ.

ಬಾಬಾಬುಡನ್‌ಗಿರಿಯ ಮತ್ತು ಚಿಕ್ಕಮಗಳೂರಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಗುರುತಿಗೆ ಅರ್ಥ ಬರುವುದು ನೆಲದಲ್ಲಿ ಆ ಗುರುತು ಉಳಿದಾಗ. ಕಾಡುಮರ ಹೋಗಿ ಸಿಲ್ವರ್ ಓಕ್ ಸಾಲುಗಳು ಬರುತ್ತಿವೆ, ಅರೇಬಿಕಾ ಹೋಗಿ ರೊಬಸ್ಟಾ ಬರುತ್ತಿದೆ, ಬಿಳಿ ಕಾಂಡಕೊರಕ ಹಿಂದಿನಂತೆಯೇ ಇದೆ. ಕಾಫಿ ಬಂದ ಬಗೆಗೆ ಕಾಗದದ ಸಾಕ್ಷ್ಯ ಇಲ್ಲದ ಈ ಸೀಮೆಯಲ್ಲಿ ಉಳಿದಿರುವ ದಾಖಲೆಯೆಂದರೆ ಗಿಡಗಳೇ. ಆದ್ದರಿಂದ ಗಿರಿಯ ತಪ್ಪಲಿನ, ಕಳಸ ಮೂಡಿಗೆರೆಗಳ ಹಳೆಯ ಮನೆಗಳವರಲ್ಲಿ ಒಂದು ವಿನಂತಿ: ಹಿತ್ತಿಲಿನಲ್ಲಿ, ಕಾನಿನಂಚಿನಲ್ಲಿ, ಯಾವ ತಳಿಯೆಂದು ಯಾರಿಗೂ ತಿಳಿಯದ ಹಳೇ ಕಾಫಿ ಗಿಡವಿದ್ದರೆ ಮರುನೆಡುವಾಗ ಅದನ್ನು ಕೀಳಬೇಡಿ. ಬಾಳೆಹೊನ್ನೂರಿನ ಕೇಂದ್ರಕ್ಕೆ ತಿಳಿಸಿ, ಒಂದು ಹಿಡಿ ಬೀಜ ಕೊಡಿ. ಮೋಖಾದಿಂದ ಬಂದ ದಾರಿ ಎಷ್ಟು ಕವಲಿನದೆಂದು ಹೇಳಬಲ್ಲದ್ದು ಇನ್ನು ಅವು ಮಾತ್ರ.